ಒದೆ ಕೊಟ್ರಪ್ಪನ ಸೊಂಟ

ಮೂಡಲಪಾಳ್ಯಕ್ಕೆ ಬಂದು ಕೊಟ್ರಪ್ಪನ ಮನೆ ಯಾವುದು ಅಂತ ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಒದೆ ಕೊಟ್ರಪ್ಪ ಅನ್ನಿ, ಇಸ್ತ್ರಿ ಅಂಗಡಿಯವನು ಬಿಸಿ ಪೆಟ್ಟಿಗೆಯನ್ನು ಯಾರದೋ ಷರ್ಟಿನ ಮೇಲೇ ಬಿಟ್ಟು ಬೀದಿಗೆ ಬಂದು ದಾರಿ ತೋರಿಸುತ್ತಾನೆ. ಹಾಗಂತ ಕೊಟ್ರಪ್ಪ ರೌಡಿಯಲ್ಲ. ನೊಣ ಹೊಡೆಯುವುದಕ್ಕೂ ಹಿಂದೆ ಮುಂದೆ ನೋಡುವ ಆಸಾಮಿ, ನಾಯಂಡಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಮೂವತ್ತಮೂರು ವರ್ಷದಿಂದ ಲೇತ್ ಮಷೀನಿನ ಮುಂದೆ ನಿಂತವನು. ಅವನು ಒದೆಯುವುದು ಬೆನ್ನಿಗೆ. ಅದೂ ಒದೀರಿ ಅಂತ ಕೈಮುಗಿದು ಕೇಳಿಕೊಂಡು ಬಂದವರ ಬೆನ್ನಿಗೆ, ಭಾನುವಾರ ಮತ್ತು ಗುರುವಾರ, ಬಿಸಿಲು ಏರುವುದರೊಳಗೆ.

ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಹಿಡಿದ ಸೊಂಟ ಬಿಡುತ್ತದೆ ಅನ್ನುವುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ನಿಮಗೆ ನಂಬಿಕೆ ಇಲ್ಲವೇ, ಬಿಡಿ. ನಿಮ್ಮ ಸೊಂಟ ಇನ್ನೂ ಹಿಡಿದಿಲ್ಲ ಅಂತ ಅರ್ಥ. ಹಿಡಿದ ದಿನ ನೀವೂ ಬರುತ್ತೀರಿ.

ಬಂದವರು ಪಡಸಾಲೆಯ ತಣ್ಣನೆ ನೆಲದ ಮೇಲೆ ಬೋರಲು ಮಲಗಬೇಕು. ಕೊಟ್ರಪ್ಪ ಪಕ್ಕದಲ್ಲಿ ಕೂತು ಬೆನ್ನುಮೂಳೆಯ ಎರಡೂ ಕಡೆ ಹೆಬ್ಬೆರಳಿನಿಂದ ಒತ್ತುತ್ತಾ ಬರುತ್ತಾನೆ. ಒತ್ತುತ್ತಾ ಮಾತಾಡಿಸುತ್ತಾನೆ. ಮನೆಯಲ್ಲಿ ಎಲ್ಲ ಆರಾಮವೇ, ಮಗಳ ಪರೀಕ್ಷೆ ಏನಾಯಿತು, ನಿದ್ದೆ ಬರುತ್ತದೆಯೇ. ಮಲಗಿದವನು ಮಗಳ ಪರೀಕ್ಷೆಯ ಗೋಳು ಹೇಳಿ ಮುಗಿಸಿ ಉಸ್ಸಪ್ಪಾ ಅಂತ ಉಸಿರು ಬಿಡುವ ಹೊತ್ತಿಗೆ ಇವನು ಎದ್ದು, ಎಡಗಾಲ ಮೇಲೆ ನಿಂತು, ಬಲಗಾಲ ಹಿಮ್ಮಡಿಯಿಂದ ಮೂರು ಸಲ ಮೆಲ್ಲಗೆ ಒದೆಯುತ್ತಾನೆ. ಆಮೇಲೆ ಬಗ್ಗಿ ಅದೇ ಬೆನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾನೆ. ಮನುಷ್ಯರಿಗೆ ಕಾಲು ತಾಗಿಸಿದ ಮೇಲೆ ನಮಸ್ಕಾರ ಮಾಡಬೇಕಲ್ಲ. ಕಾಸು ಮಾತ್ರ ಮುಟ್ಟುವುದಿಲ್ಲ. ಮುಟ್ಟಿದರೆ ಕಾಲಿನ ಗುಣ ಹೋಗುತ್ತದಂತೆ.

ಕೊಟ್ಟೂರಿನ ಕಡೆಯಿಂದ ಈ ಊರಿಗೆ ಬಂದ ಹೊಸದರಲ್ಲಿ ಅವನನ್ನು ಕೇಳುವವರೇ ಇರಲಿಲ್ಲ. ವರ್ಕ್‌ಶಾಪಿನಲ್ಲಿ "ಏಯ್ ಹೊಸಬ" ಅನ್ನುತ್ತಿದ್ದರು, ಮೂರು ವರ್ಷ ಆದ ಮೇಲೂ ಹಾಗೇ ಅನ್ನುತ್ತಿದ್ದರು. ಒಂದು ದಿನ ಓನರ್ ಸಿದ್ದಲಿಂಗೇಶನ ಸೊಂಟ ಹಿಡಿದು ಅವನು ನೆಲದ ಮೇಲೆ ಕಪ್ಪೆಯ ಹಾಗೆ ಬಿದ್ದುಕೊಂಡಾಗ, ಕೊಟ್ರಪ್ಪ ಚಪ್ಪಲಿ ಬಿಟ್ಟು ಬಂದು ಓನರನ್ನೇ ಒದ್ದ. ಓನರ್ ಎದ್ದು ನಿಂತ. ಅವತ್ತಿಗೆ ಕೊಟ್ರಪ್ಪನಿಗೆ ಹೆಸರು ಬಂತು. ಇವತ್ತು ಅಂಗಡಿಯವನು "ಬನ್ನಿ ಕೂತ್ಕೊಳ್ಳಿ" ಅನ್ನುವುದು ಆ ಹೆಸರಿಗೆ. ಮನೆ ಓನರು ಮೂರು ವರ್ಷದಿಂದ ಬಾಡಿಗೆ ಏರಿಸದೇ ಇರುವುದೂ ಆ ಹೆಸರಿಗೆ. ಕಾಲು ತೆಗೆದುಬಿಟ್ಟರೆ ಈ ಕೋಟಿಗಟ್ಟಲೆ ಜನರ ಊರಿನಲ್ಲಿ ತಾನು ಮತ್ತೆ ಏಯ್ ಹೊಸಬ, ಅಷ್ಟೇ. ಇದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅಂಥ ಕೊಟ್ರಪ್ಪನ ಸೊಂಟ ಒಂದು ಭಾನುವಾರ ಬೆಳಿಗ್ಗೆ ಹಿಡಿಯಿತು. ಗೇಟಿನ ಹತ್ತಿರ ಬಿದ್ದಿದ್ದ ಹಾಲಿನ ಪ್ಯಾಕೆಟ್ ಎತ್ತಲು ಬಗ್ಗಿದ. ಬಗ್ಗಿದವನು ಏಳಲಿಲ್ಲ. ಲಟಕ್ ಅಂತ ಒಂದು ಸದ್ದು, ಕಣ್ಣಿಗೆ ಕತ್ತಲೆ, ಆಮೇಲೆ ಮೇಲೂ ಇಲ್ಲ ಕೆಳಗೂ ಇಲ್ಲ. ಅಯ್ಯೋ ಶಿವನೇ ಅನ್ನೋಣವೆಂದರೆ ಅಷ್ಟರಲ್ಲಿ ಗೇಟಿನಾಚೆ ಸ್ಕೂಟರ್ ನಿಂತ ಸದ್ದು. ಹೆಗ್ಗನಹಳ್ಳಿಯ ಮಧುಕುಮಾರ್, ಮನೆಮನೆಗೆ ಊಟ ತಲುಪಿಸುವ ಹುಡುಗ, ಒಂದು ಕೈ ಸೊಂಟದ ಮೇಲಿಟ್ಟುಕೊಂಡು ಒಳಗೆ ಬಂದ.

"ಏನ್ ಹುಡುಕ್ತಾ ಇದೀರಾ ಅಂಕಲ್?"

"ಗುಂಡಿ ಬಿದ್ದೈತಪ್ಪಾ. ಅಂಗಿ ಗುಂಡಿ."

ಕೊಟ್ರಪ್ಪನ ಮೈಮೇಲೆ ಇದ್ದದ್ದು ಬನಿಯನ್ನು. ಮಧುಕುಮಾರ್ ಪಾಪ ಅದನ್ನು ಗಮನಿಸದೆ ತಾನೂ ಹುಡುಕಲು ಬಗ್ಗಿ, "ಅಮ್ಮಾ" ಅಂದು ಅಲ್ಲೇ ನಿಂತ. ಒದೆಯುವವನೂ ಒದೆಸಿಕೊಳ್ಳುವವನೂ ಒಬ್ಬರ ಮುಖ ಒಬ್ಬರು ನೋಡುತ್ತಾ, ಮಧ್ಯೆ ಒಂದು ಹಾಲಿನ ಪ್ಯಾಕೆಟ್ ಇಟ್ಟುಕೊಂಡು, ಸ್ವಲ್ಪ ಹೊತ್ತು ಹಾಗೇ ಇದ್ದರು.

"ಅಂಕಲ್, ಸೊಂಟಕ್ಕೇ ಬಂದಿದ್ದು ನಾನು. ನಾಲ್ಕು ದಿನ ಆಯ್ತು, ಗಾಡಿ ಮೇಲೆ ಕೂತ್ರೆ ಪ್ರಾಣ ಹೋಗುತ್ತೆ."

"ಇವತ್ತು ಆಗಂಗಿಲ್ಲ. ಅಮಾಸಿ."

ಮಧುಕುಮಾರ್ ಬಗ್ಗಿದಲ್ಲೇ ಫೋನ್ ತೆಗೆದು ನೋಡಿದ. "ಅಮಾವಾಸ್ಯೆಗೆ ಇನ್ನೂ ಒಂಬತ್ತು ದಿನ ಇದೆ ಅಂಕಲ್."

"ನಿಮ್ಮ ಫೋನಿನ ಅಮಾಸಿ ಬ್ಯಾರೆ, ನಮ್ಮ ಕಡೀದು ಬ್ಯಾರೆ. ಗುರುವಾರ ಬಾ."

ಅವನು ಹೇಗೋ ಎದ್ದು ಹೋದ ಮೇಲೆ ಹೆಂಡತಿ ನೀಲಾಂಬಿಕಾ ಬಂದು, ಗಂಡನನ್ನು ಬಗ್ಗಿದ ಭಂಗಿಯಲ್ಲೇ ತಿರುಗಿಸಿಕೊಂಡು, ಮಂಚದವರೆಗೆ ನಡೆಸಿಕೊಂಡು ಹೋದಳು. ಅಂಗನವಾಡಿ ಟೀಚರ್ ಆಗಿ ಇಪ್ಪತ್ತು ವರ್ಷ ಹಟಮಾರಿ ಮಕ್ಕಳನ್ನು ನೋಡಿದವಳು. ಇವನ ಮುಖ ನೋಡಿಯೇ ಇದು ಸುಲಭಕ್ಕೆ ಬಗೆಹರಿಯುವ ಕೇಸಲ್ಲ ಎಂದುಕೊಂಡಳು.

"ನಾಯಂಡಹಳ್ಳಿ ಹನುಮಯ್ಯಾರನ್ನ ಕರೀಲೇನ್ರಿ? ಅವರೂ ಕಾಲು ಮುಂದಾಗಿ ಹುಟ್ಟಿದವರು."

"ಹನುಮಯ್ಯ? ಆ ಆನೆಕಾಲಿಗೆ ನನ್ನ ಬೆನ್ನು ಕೊಡ್ಲೇನು? ಒದ್ದು ಸುಮ್ಮನಿರತಾನೇನಾವ? ಮೈಸೂರು ರಸ್ತೆ ತುಂಬಾ ಡಂಗುರ ಹೊಡೀತಾನ. ಸತ್ರೂ ಬ್ಯಾಡ."

"ಹಂಗಾದ್ರ ಡಾಕ್ಟರ ಕಡೆ ಹೋಗ್ರಿ. ನಮ್ಮ ಸೂಪರ್‌ವೈಸರ್ ಮೇಡಮ್ಮು ರಾಜಾಜಿನಗರದಾಗ ಒಬ್ರ ಕಡೆ ಹೋಗಿ ಆರಾಮಾಗ್ಯಾರ. ಆಸ್ಟಿಯೋಪಥಿ ಅಂತ. ಗುಳಿಗಿ ಇಲ್ಲ, ಸೂಜಿ ಇಲ್ಲ, ಬರೀ ಕೈಯಿಂದ ನೋಡ್ತಾರಂತ."

"ಬರೀ ಕೈಯಿಂದ? ಕಾಲು ಹಚ್ಚಂಗಿಲ್ಲೇನು?" ಕೊಟ್ರಪ್ಪನಿಗೆ ಅದು ಅರೆಬರೆ ವಿದ್ಯೆ ಅನ್ನಿಸಿತು.

ಆದರೂ ಹೋಗಲು ಒಪ್ಪಿದ, ಎರಡು ಕಾರಣಕ್ಕೆ. ಗುರುವಾರ ಬೆಳಿಗ್ಗೆ ಜನ ಬರುತ್ತಾರೆ, ಅಷ್ಟರೊಳಗೆ ಕಾಲೆತ್ತಲು ಬರಬೇಕು. ಇನ್ನೊಂದು, ರಾಜಾಜಿನಗರದಲ್ಲಿ ತನ್ನನ್ನು ಬಲ್ಲವರು ಯಾರೂ ಇಲ್ಲ.

ಮಂಗಳವಾರ ಆಟೋ ಹತ್ತಿದ. ಮೂಡಲಪಾಳ್ಯದಿಂದ ರಾಜಾಜಿನಗರದವರೆಗೆ ಎಷ್ಟು ಹಂಪ್ ಇವೆ ಅಂತ ಪಾಲಿಕೆಯವರಿಗೆ ಗೊತ್ತಿದೆಯೋ ಇಲ್ಲವೋ, ಕೊಟ್ರಪ್ಪನ ಸೊಂಟಕ್ಕಂತೂ ಗೊತ್ತಾಯಿತು. ಕ್ಲಿನಿಕ್ ಇದ್ದದ್ದು ಒಂದು ಸೀರೆ ಅಂಗಡಿಯ ಮೇಲೆ. ಲಿಫ್ಟ್ ಇಲ್ಲ. ಇಪ್ಪತ್ತೆರಡು ಮೆಟ್ಟಿಲು. ಹಿಡಿದ ಸೊಂಟ ನೋಡುವವರು ಮಹಡಿ ಮೇಲೆ ಯಾಕೆ ಕೂರುತ್ತಾರೆ ಅಂತ ನನ್ನನ್ನು ಕೇಳಬೇಡಿ. ಹತ್ತಿ ಬಂದವರಿಗೆ ನಿಜವಾಗಿಯೂ ನೋವಿದೆ ಅಂತ ಖಾತ್ರಿ ಮಾಡಿಕೊಳ್ಳುವುದಕ್ಕೆ ಇರಬೇಕು. ಕೊಟ್ರಪ್ಪ ಕೈಗಂಬಿ ಹಿಡಿದು ಏಡಿಯಂತೆ ಅಡ್ಡಡ್ಡವಾಗಿ ಹತ್ತಿದ.

ಕೌಂಟರಿನ ಹುಡುಗಿ ಹೆಸರು ಕೇಳಿದಳು. ಹೋಗುವ ದಾರಿಯಲ್ಲೇ ಯೋಚಿಸಿಕೊಂಡಿದ್ದ. "ಸಿದ್ದಲಿಂಗೇಶ್" ಅಂದ. ಓನರಿನ ಹೆಸರು ಬಿಟ್ಟು ಬೇರೆ ಯಾವುದೂ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. "ಲೂಸ್ ಪ್ಯಾಂಟ್ ತಂದಿದೀರಾ ಸಾರ್? ಪರೀಕ್ಷೆ ಮಾಡೋವಾಗ ಬೇಕು" ಅಂದಳು. ಇವನು ಡಾಕ್ಟರ ಹತ್ತಿರ ಹೋಗುವುದೆಂದು ಗಂಜಿ ಹಾಕಿದ ಪಂಚೆ ಉಟ್ಟು ಬಂದಿದ್ದ. ಅವಳೇ ಒಂದು ನೀಲಿ ಚಡ್ಡಿ ಕೊಟ್ಟಳು. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಬೆಂಚಿನ ಹತ್ತಿರ ಹೋದ.

ಬೆಂಚಿನ ಮೇಲೆ ಒಬ್ಬರು ಮುಖಕ್ಕೆ ಪೂರ್ತಿ ಪೇಪರ್ ಅಡ್ಡ ಹಿಡಿದು ಕೂತಿದ್ದರು. ಪೇಪರ್ ಹಿಡಿದ ಬೆರಳಿನಲ್ಲಿ ಪವಿತ್ರದ ಉಂಗುರ. ಆ ಉಂಗುರವನ್ನು ಕೊಟ್ರಪ್ಪ ಪ್ರತಿ ಗುರುವಾರ ತನ್ನ ಪಡಸಾಲೆಯ ನೆಲದ ಮೇಲೆ ನೋಡಿದ್ದಾನೆ. ಚಂದ್ರಾ ಲೇಔಟಿನ ಚಕ್ರಪಾಣಿ, ರಿಟೈರ್ಡ್ ಹೆಡ್‌ಮಾಸ್ಟರು. ಎರಡು ವರ್ಷದಿಂದ ತಪ್ಪದೆ ಬಂದು ಒದೆಸಿಕೊಂಡು ಹೋಗುವ ಹಳೇ ಗಿರಾಕಿ.

ಕೊಟ್ರಪ್ಪ ತಿರುಗಿ ಓಡುತ್ತಿದ್ದ, ಓಡುವ ಸ್ಥಿತಿಯಲ್ಲಿದ್ದಿದ್ದರೆ. ಪೇಪರ್ ಕೆಳಗಿಳಿಯಿತು.

"ಕೊಟ್ರಪ್ಪನೋರೆ!"

"ಮೇಷ್ಟ್ರೇ!"

ಇಬ್ಬರೂ ಒಂದೇ ಸಲ ಎದೆ ಸೆಟೆಸಿದರು, ಇಬ್ಬರೂ ಒಂದೇ ಸಲ ನರಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ಇಲ್ಲಿ ಇಬ್ಬರ ಕೈಯೂ ಸೊಂಟಕ್ಕೇ ಹೋಯಿತು.

"ಹಿಂಗೇ ಬಂದೆ. ಹೊಸ ವಿದ್ಯಾ ಅಂತಾರಲ್ಲ, ಹೆಂಗ ಮಾಡ್ತಾರ ನೋಡ್ಕೊಂಡು ಹೋಗೋಣ ಅಂತ" ಅಂದ ಕೊಟ್ರಪ್ಪ.

"ನಾನೂ ಅಷ್ಟೇ ಕಣ್ರೀ. ಪೇಪರ್ ಓದೋಣ ಅಂತ. ಇಲ್ಲಿ ಫ್ಯಾನ್ ಚೆನ್ನಾಗಿದೆ" ಅಂದರು ಚಕ್ರಪಾಣಿ.

"ಸಿದ್ದಲಿಂಗೇಶ್! ಸಿದ್ದಲಿಂಗೇಶ್ ಯಾರು?" ಕೌಂಟರಿನ ಹುಡುಗಿ ಕೂಗಿದಳು. ಯಾರೂ ಏಳಲಿಲ್ಲ. ಅವಳು ನೇರವಾಗಿ ಇವನನ್ನೇ ನೋಡುತ್ತಾ ಮೂರನೇ ಸಲ ಕೂಗಿದಾಗ ಕೊಟ್ರಪ್ಪ ನೆಲ ನೋಡುತ್ತಾ ಒಳಗೆ ಹೋದ.

ಡಾಕ್ಟರ್ ರಮ್ಯಶ್ರೀಗೆ ಹೆಚ್ಚೆಂದರೆ ಮೂವತ್ತು ವರ್ಷ. ಕೂರಿಸಿ ಪ್ರಶ್ನೆ ಶುರು ಮಾಡಿದಳು. ನೋವು ಯಾವಾಗ ಬಂತು, ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಕಾಲು ಜೋಮು ಹಿಡಿಯುತ್ತದೆಯೇ. ಇಷ್ಟಾದರೆ ಸರಿ. ಆಮೇಲೆ ಎಂದಾದರೂ ಬಿದ್ದಿದ್ದೀರಾ, ಹಲ್ಲು ಕೀಳಿಸಿದ್ದೀರಾ, ಹೊಟ್ಟೆ ಸರಿಯಾಗಿ ಹೋಗುತ್ತದೆಯೇ, ಯಾವ ಮಗ್ಗುಲಲ್ಲಿ ಮಲಗುತ್ತೀರಿ, ಏನು ಚಿಂತೆ. ಸೊಂಟ ಹಿಡಿದವನ ಹಲ್ಲು ಯಾಕೆ ಬೇಕು ಈಕೆಗೆ ಅಂತ ಕೊಟ್ರಪ್ಪ ಒಳಗೊಳಗೇ ಉರಿದ. ಒದೆಯುವುದು ಅರೆ ನಿಮಿಷದ ಕೆಲಸ. ಇವಳು ಅರ್ಧ ಗಂಟೆ ಬರೀ ಬರೆದುಕೊಂಡಳು.

ಚಡ್ಡಿ ಹಾಕಿ ನಿಲ್ಲಿಸಿ ಹಿಂದಿನಿಂದ ನೋಡಿದಳು. ಪಕ್ಕದಿಂದ ನೋಡಿದಳು. ಬಗ್ಗಿ ಅಂದಳು, ತಿರುಗಿ ಅಂದಳು. ಸೊಂಟ ನೋಯುತ್ತಿದೆ ತಾಯೀ ಅಂದರೆ ಪಾದ ಹಿಡಿದುಕೊಂಡು ನೋಡಿದಳು. ಆಮೇಲೆ ಮೇಜಿನ ಮೇಲೆ ಬೋರಲು ಮಲಗಿಸಿದಳು. ಮುಖ ಇಡಲು ಆ ಮೇಜಿಗೆ ಒಂದು ತೂತು. ತೂತಿನೊಳಗಿಂದ ಕೊಟ್ರಪ್ಪನಿಗೆ ನೆಲದ ಎರಡು ಟೈಲ್ಸ್ ಮತ್ತು ಡಾಕ್ಟರ ಶೂ ಕಾಣುತ್ತಿದ್ದವು. ಮೂವತ್ತು ವರ್ಷ ಜನರನ್ನು ಬೋರಲು ಮಲಗಿಸಿದವನಿಗೆ ಬೋರಲು ಮಲಗುವುದು ಹೇಗಿರುತ್ತದೆ ಅಂತ ಗೊತ್ತಾದದ್ದು ಅವತ್ತೇ. ಮೈ ಎಲ್ಲ ಹೆದರಿಕೆ.

"ಇನ್ನೊಂದೇ ಪ್ರಶ್ನೆ ಅಂಕಲ್. ನೀವು ಹುಟ್ಟೋವಾಗ ಏನಾದ್ರೂ ತೊಂದರೆ ಆಗಿತ್ತಾ, ಗೊತ್ತಾ?"

ಅಗೋ! ಅಷ್ಟು ಹೊತ್ತು ಸತ್ತಂತೆ ಬಿದ್ದಿದ್ದ ಕೊಟ್ರಪ್ಪನಿಗೆ ಜೀವ ಬಂತು. ತೂತಿನೊಳಗಿಂದಲೇ ಘೋಷಿಸಿದ. "ನಾ ಕಾಲು ಮುಂದಾಗಿ ಹುಟ್ಟಿದಾವ."

"ಹೌದಾ? ಮನೇಲೇ ಹೆರಿಗೆನಾ? ತುಂಬಾ ಹೊತ್ತು ತಗೊಂಡಿತ್ತಾ?"

"ಅದು ನಮ್ಮಕ್ಕಗ ಗೊತ್ತು. ಆಕೀಗೆ ಆಗ ಹನ್ನೆರಡು ವರ್ಷ. ತಡೀರಿ, ಕೇಳೇಬಿಡೋಣ."

"ಬೇಡ ಅಂಕಲ್, ಅಷ್ಟೇನೂ ಮುಖ್ಯ ಅಲ್ಲ" ಅಂದಳು ಡಾಕ್ಟರು. ಕೇಳಬೇಕಿತ್ತು ಅವಳ ಮಾತು. ಆದರೆ ಹೊರಗೆ ಮೇಷ್ಟರು ಕೂತಿದ್ದಾರೆ, ಇಲ್ಲಿ ತಾನು ನೀಲಿ ಚಡ್ಡಿಯಲ್ಲಿ ಬಿದ್ದಿದ್ದೇನೆ. ತಾನು ಯಾರು ಅನ್ನುವುದು ಒಂದು ಸಲ ಎಲ್ಲರಿಗೂ ಕೇಳಿಸಿಬಿಡಲಿ ಅನ್ನಿಸಿತು. ಊರಿಗೆ ಫೋನ್ ಹಚ್ಚಿಸಿ, ಸ್ಪೀಕರ್ ಹಾಕಿಸಿ, ತೂತಿನ ಕೆಳಗೆ ಒಂದು ಸ್ಟೂಲಿನ ಮೇಲೆ ಇಡಿಸಿದ.

"ಯಾಕ್ಲೇ ತಮ್ಮಾ, ಹೊತ್ತಲ್ಲದ ಹೊತ್ತಿನಾಗ? ಆರಾಮದೀಯಿಲ್ಲೋ?" ಅಕ್ಕ ಹಾಲವ್ವನದು ಹೊಲದ ಆ ಬದುವಿನಿಂದ ಈ ಬದುವಿಗೆ ಮಾತಾಡಿ ಪಳಗಿದ ಗಂಟಲು. ಫೋನ್ ಆದರೂ ಒಂದೇ, ಬದು ಆದರೂ ಒಂದೇ.

"ಆರಾಮದೀನಿ ಅಕ್ಕಾ. ಇಲ್ಲಿ ಡಾಕ್ಟರು ಅದಾರ. ನಾ ಕಾಲು ಮುಂದಾಗಿ ಹುಟ್ಟಿದ್ದನ್ನ ನೀ ಕಣ್ಣಾರೆ ನೋಡೀಯಲ್ಲ, ಅದನ್ನ ಸ್ವಲ್ಪ ಗಟ್ಟಿಯಾಗಿ ಹೇಳು."

"ಯಾರು, ನೀನಾ?"

"ಹೂಂ, ನಾನ."

"ನೀ ಎಲ್ಲಿ ಕಾಲು ಮುಂದಾಗಿ ಹುಟ್ಟೀಯೋ ಖೋಡಿ! ಕಾಲು ಮುಂದಾಗಿ ಬಂದಾವ ನಮ್ಮ ಫಕೀರೇಶ, ನಿಮ್ಮಣ್ಣ. ನೀ ಎಲ್ಲಾರಂಗ ತಲಿ ಮುಂದ ಮಾಡೇ ಬಂದಿ. ಅದೂ ಎಂಥಾ ತಲಿ ಅಂತಿ! ಅವ್ವ ಸಾಯೂತನಕ ಆ ತಲಿ ಬೈಕೊಂತ ಇದ್ಲು. ಸೊಂಟ ಹಿಡಿದಾವ್ರು ಬಂದಾಗ ಅವ್ವ ಫಕೀರೇಶನ್ನ ಬಿಟ್ಟು ನಿನ್ನ ಮುಂದ ತಳ್ಳತಿದ್ಲು. ನೀ ಖರೇ ಅಂತ ನಂಬೀಯೇನು ಇಲ್ಲೀತನಕ?"

ಹಾಲವ್ವ ನಗತೊಡಗಿದಳು. ಕೊಟ್ರಪ್ಪ ಮೇಜಿನ ಪಕ್ಕದಿಂದ ಕೈ ಇಳಿಬಿಟ್ಟು ಫೋನ್ ಆರಿಸಲು ತಡಕಾಡಿದ. ಕೈ ಎಟುಕಲಿಲ್ಲ. ಡಾಕ್ಟರೇ ಬಗ್ಗಿ ಆರಿಸಬೇಕಾಯಿತು.

ಕೋಣೆಗೂ ಹೊರಗಿನ ಬೆಂಚಿಗೂ ನಡುವೆ ಇದ್ದದ್ದು ಒಂದು ತೆಳ್ಳನೆ ಪ್ಲೈವುಡ್. ಅದರಾಚೆ ಫ್ಯಾನ್ ತಿರುಗುವ ಸದ್ದು ಬಿಟ್ಟು ಏನೂ ಇಲ್ಲ. ಪೇಪರಿನ ಹಾಳೆ ಮಗುಚಿದ ಸದ್ದೂ ಇಲ್ಲ. ಮೂವತ್ತು ವರ್ಷ, ಎಷ್ಟು ಸಾವಿರ ಬೆನ್ನು, ಎಲ್ಲ ಸುಳ್ಳು ಕಾಲಿನ ಒದೆ. ಕೊಟ್ರಪ್ಪನಿಗೆ ಆ ತೂತಿನೊಳಗೇ ಇಳಿದುಹೋಗಬೇಕು ಅನ್ನಿಸಿತು. ಎರಡು ಟೈಲ್ಸ್ ಮಂಜಾದವು.

ಡಾಕ್ಟರ್ ರಮ್ಯಶ್ರೀ ನಗಲಿಲ್ಲ. ಅವಳ ಹೆಬ್ಬೆರಳು ಬೆನ್ನುಮೂಳೆಯ ಎರಡೂ ಕಡೆ ಮೇಲಿಂದ ಕೆಳಗೆ ಬರುತ್ತಿತ್ತು. "ಮನೇಲಿ ಯಾರ್ಯಾರು ಇದೀರಾ ಅಂಕಲ್?" ಅಂದಳು. ಹೆಂಡತಿ, ತಾನು ಅಂದ. "ಆಂಟಿ ಏನ್ ಮಾಡ್ತಾರೆ?" ಅಂಗನವಾಡಿ ಟೀಚರ್ ಅಂದ. "ಮಕ್ಕಳ ಕಾಟ ಜಾಸ್ತಿನಾ?" ಮಕ್ಕಳಿಗಿಂತ ತನ್ನದೇ ಕಾಟ ಜಾಸ್ತಿ ಅಂತಾಳೆ ಅಂದು ಕೊಟ್ರಪ್ಪ ಉಸ್ಸಪ್ಪಾ ಅಂತ ಉಸಿರು ಬಿಟ್ಟ. ಬಿಟ್ಟ ಮೇಲೆ ಹೊಳೆಯಿತು, ಅರೇ, ಇದು ನನ್ನ ವಿದ್ಯೆಯಲ್ಲವೇ! ಹೊಳೆಯುವಷ್ಟರಲ್ಲಿ ಅವಳು ಅವನನ್ನು ಮಗ್ಗುಲಿಗೆ ತಿರುಗಿಸಿ, ಮೊಣಕಾಲು ಮಡಿಸಿ, ಒಂದು ಸಲ ಒತ್ತಿದ್ದಳು. ಲಟಕ್.

ಎದ್ದು ನಿಲ್ಲಿ ಅಂದಳು. ನಿಂತ. ಮೂರು ದಿನದ ಮೇಲೆ ಗೋಡೆಯ ಮೇಲಿನ ಗಡಿಯಾರ ನೆಟ್ಟಗೆ ಕಂಡಿತು.

ಅವನು ನಾಚಿಕೆ ಬಿಟ್ಟು ತನ್ನ ಒದೆಯ ಕಥೆಯನ್ನೆಲ್ಲ ಹೇಳಿದ. ಅವಳು ಗಲ್ಲಕ್ಕೆ ಕೈಕೊಟ್ಟು ಕೇಳಿದಳು.

"ನಾನು ಇಷ್ಟು ವರ್ಷ ಓದಿದ್ರಲ್ಲಿ ಅರ್ಧ ಇದೇ ಅಂಕಲ್. ಕೈಲಿ ಹುಡುಕೋದು, ಮಾತಾಡ್ಸೋದು, ಅವರು ಮೈ ಬಿಡೋವರೆಗೂ ಕಾಯೋದು. ಒದೆಯೋದೊಂದು ಸಿಲಬಸ್‌ನಲ್ಲಿ ಇರಲಿಲ್ಲ." ಆಮೇಲೆ ದನಿ ಗಟ್ಟಿ ಮಾಡಿದಳು. "ಆದ್ರೆ ಒದೆಯೋದು ನಿಲ್ಸಿ. ಮೂವತ್ತು ವರ್ಷ ಒಂದೇ ಕಾಲ ಮೇಲೆ ನಿಂತು ನಿಂತು ನಿಮ್ಮ ಎಡ ಸೊಂಟ ಕಲ್ಲಾಗಿದೆ. ಅವರ ಬೆನ್ನಿಗೂ ಒಳ್ಳೇದಲ್ಲ. ಕಾಲು ಜೋಮು ಹಿಡೀತಿದೆ ಅಂದೋರನ್ನ ಮುಟ್ಟಲೇಬೇಡಿ, ಇಲ್ಲಿಗೆ ಕಳಿಸಿ. ನಾಳೆ ನಿಮಗೆ ಮೈಕೈ ನೋವು ಬರುತ್ತೆ, ಹೆದರ್ಬೇಡಿ, ನೀರು ಜಾಸ್ತಿ ಕುಡೀರಿ."

ಹೊರಗೆ ಚಕ್ರಪಾಣಿ ಅದೇ ಪುಟ ಓದುತ್ತಿದ್ದರು. ಕಣ್ಣೆತ್ತಲಿಲ್ಲ. ಕೊಟ್ರಪ್ಪನೂ ನಿಲ್ಲಲಿಲ್ಲ. ಇಪ್ಪತ್ತೆರಡು ಮೆಟ್ಟಿಲನ್ನು ನೆಟ್ಟಗೆ ಇಳಿದ. ಸೊಂಟ ಹಗುರ, ಎದೆ ಭಾರ.

ಬುಧವಾರ ಡಾಕ್ಟರು ಹೇಳಿದ ಹಾಗೆಯೇ ಮೈಯೆಲ್ಲ ಹೊಡೆಸಿಕೊಂಡಂತೆ ನೋಯುತ್ತಿತ್ತು. ನೀಲಾಂಬಿಕಾಗೆ ವಿಷಯ ಹೇಳಿದ. ಅವಳು ಅಳಲಿಲ್ಲ, ಮರುಕ ಪಡಲಿಲ್ಲ. ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಳು.

"ಅಂದ್ರ ಮಾಮೂಲಿ ಕಾಲೇನು? ಬಚ್ಚಲಾಗ ಜಾರೀತು ಅಂತ ಬಟ್ಟಿ ಒಗೀಲಿಲ್ಲ, ಉಳುಕೀತು ಅಂತ ರೇಷನ್ ಹೊರಲಿಲ್ಲ. ಮೂವತ್ತು ವರ್ಷ ಆ ಕಾಲಿಗೆ ನಾ ನೀರು ಕಾಸಿ ಕೊಟ್ಟೆ! ಸೊಂಟ ಗಟ್ಟಿ ಆಗಲಿ, ರೇಷನ್ ಚೀಲ ಬಾಗಿಲ ಹಿಂದೈತಿ."

ಅವಳು ಅಂಗನವಾಡಿಗೆ ಹೋದ ಮೇಲೆ ಕೊಟ್ರಪ್ಪ ಅಕ್ಕನಿಗೆ ಮತ್ತೆ ಫೋನ್ ಮಾಡಿದ. ಈ ಸಲ ಸ್ಪೀಕರ್ ಹಾಕಲಿಲ್ಲ. ಅವ್ವ ಯಾಕೆ ಹಾಗೆ ಮಾಡಿದಳು ಅಂತ ಕೇಳಿದ.

"ಫಕೀರೇಶಗ ಸಿಟ್ಟು ಭಾಳಲೇ" ಅಂದಳು ಹಾಲವ್ವ. "ಒಮ್ಮೆ ಒಬ್ಬ ಮುದುಕನ್ನ ಒದ್ದ ನೋಡು, ಮುದುಕ ಹದಿನೈದು ದಿನ ಏಳಲಿಲ್ಲ. ಗುಣದ ಕಾಲು ಅದು, ಖರೇ, ಆದ್ರ ಇದ್ದ ಬೆನ್ನೂ ಹೋಗತಿತ್ತು. ನೀ ಆರು ವರ್ಷದ ಕೂಸು. ಒದಿಯೂದಕ್ಕಿಂತ ಮೊದ್ಲ ಬೆನ್ನ ಮ್ಯಾಲ ಕೈಯಾಡಿಸಿ, ನೋಯ್ತೈತೇನು ಅಜ್ಜಾ ಅಂತ ಕೇಳ್ತಿದ್ದಿ. ಅಷ್ಟಕ್ಕ ಅರ್ಧ ನೋವು ಹೋತು ಅಂತಿದ್ರು ಬಂದಾವ್ರು. ಒದಿಯಾಕೂ ಕರುಳು ಬೇಕು, ಇವನ ಇರಲಿ ಅಂದ್ಲು ಅವ್ವ."

ಕೊಟ್ರಪ್ಪ ಫೋನ್ ಇಟ್ಟು ಬಹಳ ಹೊತ್ತು ತನ್ನ ಕೈ ನೋಡಿಕೊಂಡ. ಲೇತಿನ ಎಣ್ಣೆ ಹಿಡಿದ ಕರಿ ಕೈ. ಅದನ್ನು ಯಾರೂ ಹೊಗಳಿದ್ದಿಲ್ಲ.

ಗುರುವಾರ ಬೆಳಿಗ್ಗೆ ಮೊದಲು ಬಂದವರು ಚಕ್ರಪಾಣಿ. ಷರ್ಟು ಬಿಚ್ಚಿ, ಜನಿವಾರ ಸರಿಮಾಡಿಕೊಂಡು, ಏನೂ ಆಗಿಲ್ಲವೆಂಬಂತೆ ನೆಲದ ಮೇಲೆ ಬೋರಲು ಮಲಗಿದರು.

ಕೊಟ್ರಪ್ಪ ಪಕ್ಕದಲ್ಲಿ ಕೂತ. "ಮೇಷ್ಟ್ರೇ, ಅವತ್ತು ಹೊರಗ ಕೂತಿದ್ರಲ್ಲ, ಏನರ ಕೇಳಿಸ್ತೇನ್ರಿ?"

"ಏನೂ ಕೇಳಿಸ್ಲಿಲ್ಲಪ್ಪ." ಆಮೇಲೆ ನೆಲಕ್ಕೇ ಹೇಳಿದರು. "ನಿಮ್ಮಕ್ಕನ ಕಂಠ ಚೆನ್ನಾಗಿದೆ."

ಕೊಟ್ರಪ್ಪ ತಲೆ ತಗ್ಗಿಸಿದ.

"ನೋಡಿ, ನಂದೂ ಒಂದು ಗುಟ್ಟಿದೆ" ಅಂದರು ಚಕ್ರಪಾಣಿ. "ಆರು ತಿಂಗಳಿಂದ ಆ ಹುಡುಗಿ ಹತ್ರ ಹೋಗ್ತಾ ಇದೀನಿ. ನೋವು ಪರವಾಗಿಲ್ಲ. ಆದ್ರೆ ನಮ್ಮ ಮನೆಯವಳು ಅನಂತಲಕ್ಷ್ಮಿ ಇದು ನಿಮ್ಮ ಒದೆಯಿಂದಲೇ ವಾಸಿಯಾಗಿದ್ದು ಅಂತ ಮಹಿಳಾ ಸಮಾಜದಲ್ಲೆಲ್ಲ ಸಾರಿಬಿಟ್ಟಿದಾಳೆ. ಈಗ ಅಲ್ಲ ಅಂತ ಗೊತ್ತಾದ್ರೆ ನನ್ನ ಗತಿ ಏನು? ನೀವು ಬಾಯಿ ಬಿಡಬೇಡಿ, ನಾನೂ ಬಿಡೋಲ್ಲ. ಒದ್ದ ಹಾಗೆ ಮಾಡಿ ಸಾಕು."

ದೇವರು ವರ ಕೊಟ್ಟ ಹಾಗಿತ್ತು. ಹೆಸರು ಉಳಿಯಿತು, ಕಾಲೂ ಉಳಿಯಿತು. ಕೊಟ್ರಪ್ಪ ಎದ್ದು, ಬಲಗಾಲು ಎತ್ತಿದ ಶಾಸ್ತ್ರ ಮಾಡಿ, ಬಗ್ಗಿ ಕಣ್ಣಿಗೊತ್ತಿಕೊಂಡ. ಇಬ್ಬರಿಗೂ ನೆಮ್ಮದಿಯಾಯಿತು.

ಅಷ್ಟರಲ್ಲಿ ಗೇಟು ಕಿರ್ ಅಂತು. ಮಧುಕುಮಾರ್ ಗೋಡೆ ಹಿಡಿದುಕೊಂಡು ಬರುತ್ತಿದ್ದ, ಮುಖ ಬಿಳಿಚಿಕೊಂಡಿತ್ತು. ಅವನ ಹಿಂದೆ ಇನ್ನೂ ಮೂವರು. "ಅಂಕಲ್, ಮೂರು ದಿನದಿಂದ ಡ್ಯೂಟಿಗೆ ಹೋಗಿಲ್ಲ. ಇವತ್ತು ಗುರುವಾರ ಅಂತಲೇ ಕಾಯ್ತಾ ಇದ್ದೆ" ಅಂದು ಒಂದೊಂದೇ ಕೈ ಊರಿ ನೆಲಕ್ಕೆ ಇಳಿದ.

ಕಾಲು ಜೋಮು ಹಿಡಿಯುತ್ತದೆಯೇ ಅಂತ ಕೇಳಿದ ಕೊಟ್ರಪ್ಪ. ಇಲ್ಲ ಅಂದ. ಹೆಬ್ಬೆರಳು ಬೆನ್ನಿನ ಮೇಲಿಂದ ಇಳಿಯುತ್ತಾ ಬಂತು, ಎಡಗಡೆ ಒಂದು ಕಡೆ ಕಲ್ಲಿನಂಥ ಗಂಟು ಸಿಕ್ಕಿತು. ಹುಡುಗ ನಾಲ್ಕು ದಿನ ತನ್ನ ಸುಳ್ಳು ಅಮಾವಾಸ್ಯೆಯನ್ನು ನಂಬಿ ಕಾದಿದ್ದಾನೆ. ಈಗ ಸುಳ್ಳು ಕಾಲನ್ನೂ ನಂಬಿ ಮಲಗಿದ್ದಾನೆ. ಕೊಟ್ರಪ್ಪನಿಗೆ ತಡೆಯಲಿಲ್ಲ. ಕೈ ತೆಗೆದುಬಿಟ್ಟ.

"ಒಂದು ಮಾತು ಕೇಳ್ರಪ್ಪಾ ಎಲ್ಲಾರೂ. ನಾ ಕಾಲು ಮುಂದಾಗಿ ಹುಟ್ಟಿದಾವ ಅಲ್ಲ. ತಲಿ ಮುಂದಾಗೇ ಹುಟ್ಟಿದಾವ, ನಿಮ್ಮಂಗ. ಮೊನ್ನೆ ಗೊತ್ತಾತು. ನನ್ನ ಕಾಲಾಗ ಏನೂ ಇಲ್ಲ. ಇನ್ನ ನಾ ಒದಿಯಂಗಿಲ್ಲ."

ಷರ್ಟು ಹಾಕಿಕೊಳ್ಳುತ್ತಿದ್ದ ಚಕ್ರಪಾಣಿ ಒಂದು ತೋಳಿನಲ್ಲೇ ನಿಂತುಬಿಟ್ಟರು. ಬಾಗಿಲ ಹತ್ತಿರದ ಮೂವರು ಮುಖ ಮುಖ ನೋಡಿಕೊಂಡರು. ಒಳಗೆ ನೀಲಾಂಬಿಕಾ ಒಗ್ಗರಣೆ ಸೌಟು ಹಿಡಿದವಳು ಹಾಗೇ ನಿಂತಳು. ಕೊಟ್ರಪ್ಪ ಕಣ್ಣು ಮುಚ್ಚಿಕೊಂಡು, ಯಾರಾದರೂ ಏನಾದರೂ ಅನ್ನಲಿ ಅಂತ ಕಾದ.

ನೆಲದ ಮೇಲಿನಿಂದ ಮಧುಕುಮಾರನ ದನಿ ಬಂತು.

"ಹುಟ್ಟಿದ್ ಕಥೆ ಆಮೇಲೆ ಹೇಳಿ ಅಂಕಲ್. ಕೈ ಯಾಕೆ ತೆಗೆದ್ರಿ? ಅಲ್ಲೇ ಇತ್ತು ನೋವು, ಸರಿಯಾಗಿ ಅಲ್ಲೇ."

ಬಾಗಿಲಲ್ಲಿದ್ದ ಮೂವರಲ್ಲಿ ಒಬ್ಬ ಚಪ್ಪಲಿ ಬಿಟ್ಟು ಒಳಗೆ ಬಂದು ಗೋಡೆಗೊರಗಿ ಕೂತ, ಮುಂದಿನ ಸರದಿ ತನ್ನದು ಅನ್ನುವ ಹಾಗೆ. ಕೊಟ್ರಪ್ಪ ಅಂಗೈಯಿಂದ ಕಣ್ಣೊರೆಸಿಕೊಂಡು ಕೈಯನ್ನು ಮತ್ತೆ ಆ ಗಂಟಿನ ಮೇಲೆ ಇಟ್ಟ.

"ಮನ್ಯಾಗ ಎಲ್ಲಾ ಆರಾಮ ಅದಾರೇನಪ್ಪಾ?" ಅಂತ ಕೇಳಿದ.